ಮಾಗಿದ ಗಾಯದಡಿಯ ಗಂಟು

ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್, ಕಾಮಾಕ್ಷಿಪಾಳ್ಯದ ವರ್ಕ್‌ಶಾಪ್‌ಗಳಲ್ಲಿ ದುಡಿಯುವವರ ಕೈಗಳೇ ವೈದ್ಯನಾದ ನನಗೆ ಪಾಠ ಹೇಳಿಕೊಟ್ಟಿವೆ. ಪೆಟ್ಟಾದ ಜಾಗದಲ್ಲಿ ಆಮೇಲೆ ಬೆಳೆಯುವ ನರದ ಗಂಟಿನ ಬಗ್ಗೆ ಕಲಿತಿದ್ದಂತೂ ಪೂರ್ತಿ ಅವರಿಂದಲೇ.

1. ಮಾಗಿದ ಗಾಯವನ್ನೂ ಮುಟ್ಟಿ ನೋಡಬೇಕು

ಪವರ್ ಪ್ರೆಸ್‌ಗೆ ತೋರುಬೆರಳಿನ ತುದಿ ಕಳೆದುಕೊಂಡಿದ್ದ ಆಪರೇಟರ್ ಒಬ್ಬರು ತಿಂಗಳುಗಳ ನಂತರ ಬಂದರು. "ಗಾಯ ಎಲ್ಲಾ ಹೋಯ್ತು ಸಾರ್, ಸ್ಪ್ಯಾನರ್ ಹಿಡಿದ್ರೆ ಮಾತ್ರ ಕರೆಂಟ್ ಹೊಡೆದಂಗೆ ಆಗುತ್ತೆ" ಎಂದರು. ಚರ್ಮ ಚೆನ್ನಾಗಿ ಕೂಡಿಕೊಂಡಿತ್ತು. ನೋವಿನ ಮಾತ್ರೆ ಬರೆದು ಕಳಿಸಿಬಿಟ್ಟೆ. ಮತ್ತೆ ಬಂದಾಗ ಪೆನ್ನಿನ ತುದಿಯಿಂದ ಕಲೆಯ ಮೇಲೆ ಮೆಲ್ಲಗೆ ತಟ್ಟುತ್ತಾ ಹೋದೆ. ಒಂದು ಜಾಗಕ್ಕೆ ಬಂದದ್ದೇ ತಡ, ಕೈ ಕಿತ್ತುಕೊಂಡರು. ಅಲ್ಲಿ ಚರ್ಮದಡಿ ಅಕ್ಕಿಕಾಳಿನಷ್ಟು ಗಂಟಿತ್ತು. ಮೊದಲ ದಿನವೇ ತಟ್ಟಿ ನೋಡಬೇಕಿತ್ತು. ಅಷ್ಟೂ ಕಾಲ ಅವರು ಆ ಬೆರಳನ್ನು ಮಡಚಿಟ್ಟುಕೊಂಡೇ ಮೆಷಿನ್ ನಡೆಸಿದ್ದರು.

2. ಕಾರಣ ಹೇಳಿದರೆ ಭಯ ಅರ್ಧ ಇಳಿಯುತ್ತದೆ

ತುಂಡಾದ ನರ ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತಾ ತನ್ನ ಇನ್ನೊಂದು ತುದಿಯನ್ನು ಸೇರಲು ನೋಡುತ್ತದೆ. ಅದು ಸಿಗದಿದ್ದರೆ ಎಳೆಗಳು ಕಲೆಯೊಳಗೇ ಸಿಕ್ಕಾಗಿ ಗಂಟು ಕಟ್ಟುತ್ತವೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಕೇಳದಿದ್ದರೂ ಇದನ್ನು ಮೊದಲೇ ಹೇಳುತ್ತೇನೆ.

3. ಕೊಯ್ದು ತೆಗೆದರೆ ಮುಗಿಯಲಿಲ್ಲ

"ಚಿಕ್ಕದು, ತೆಗೆಸಿಬಿಡಿ" ಎಂದು ಸಲೀಸಾಗಿ ಹೇಳುತ್ತಿದ್ದೆ. ತೆಗೆಸಿಕೊಂಡ ಕೆಲವರು ಅದೇ ನೋವಿನೊಂದಿಗೆ ವಾಪಸ್ ಬಂದರು. ಕತ್ತರಿಸಿದ ತುದಿ ಮತ್ತೆ ಚಿಗುರುತ್ತದಲ್ಲ! ಈಗ ಮೊದಲು ಮಸಾಜ್, ನಯವಾದ ಬಟ್ಟೆಯಿಂದ ಒರಟು ಬಟ್ಟೆಯವರೆಗೆ ಉಜ್ಜಿ ರೂಢಿ ಮಾಡಿಸುವುದು, ಗ್ಯಾಬಪೆಂಟಿನ್‌ನಂಥ ನರನೋವಿನ ಔಷಧಿ. ನೋವು ಇದಕ್ಕೂ ಬಗ್ಗದಿದ್ದರೆ ಕೈ ಶಸ್ತ್ರಚಿಕಿತ್ಸೆಯ ತಜ್ಞರೇ ಬೇಕು. ಅವರು ನರದ ತುದಿಯನ್ನು ಒತ್ತಡ ಬೀಳದ ಕಡೆ, ಸ್ನಾಯುವಿನಲ್ಲೋ ಮೂಳೆಯಲ್ಲೋ ಹುದುಗಿಸುತ್ತಾರೆ.

4. ಎಲ್ಲ ಗಂಟೂ ಇದೇ ಅಲ್ಲ

ಒಳಗೆ ಉಳಿದ ಲೋಹದ ಚೂರೂ ಹೀಗೇ ಕೈಗೆ ಸಿಗಬಹುದು. ಸ್ಪರ್ಶಜ್ಞಾನವಿಲ್ಲದ ಮಚ್ಚೆಯ ಜೊತೆ ನರ ದಪ್ಪವಾಗಿದ್ದರೆ ಕುಷ್ಠರೋಗದ ಪರೀಕ್ಷೆ ಆಗಲೇಬೇಕು.

5. ನೋವನ್ನು ಕಾಗದದ ಮೇಲೆ ತರಬೇಕು

ಕೆಲಸದಲ್ಲಾದ ಗಾಯಕ್ಕೆ ಪರಿಹಾರ ಕೊಡುವ ಕಾನೂನಿನ ಪಟ್ಟಿಯಲ್ಲಿ ಇಡೀ ತೋರುಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ 14% ನಷ್ಟ ಎಂದಿದೆ. ಮೂಳೆ ಉಳಿದು ತುದಿ ಮಾತ್ರ ಹೋದರೆ 5%. ಉಳಿದ ಬೆರಳಿನ ನೋವಿಗೆ ಆ ಪಟ್ಟಿಯಲ್ಲಿ ಸಾಲಿಲ್ಲ. ಆದ್ದರಿಂದ ಯಾವ ಹಿಡಿತ ಆಗುವುದಿಲ್ಲ, ಯಾವ ಕೆಲಸ ನಿಂತಿದೆ ಎಂದು ಚೀಟಿಯಲ್ಲಿ ವಿವರವಾಗಿ ಬರೆಯುತ್ತೇನೆ. ನಿಮ್ಮ ಹಳೇ ಗಾಯ ಹೀಗೆ ಜುಮ್ಮೆನ್ನುತ್ತಿದ್ದರೆ ಇಎಸ್‌ಐ ಆಸ್ಪತ್ರೆಗಾಗಲಿ ಬೇರೆಲ್ಲಿಗಾಗಲಿ ಹೋದಾಗ ಆ ಜಾಗವನ್ನು ಬೆರಳಿಟ್ಟು ತೋರಿಸಿ, ಬರೆಸಿಕೊಂಡೇ ಬನ್ನಿ.