ಇಂಧನದ ಟಾಕಿಯೂ ಉಸಿರಾಡಬೇಕು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸುತ್ತಣ ಕಬ್ಬಿನ ಹೊಲಗಳಲ್ಲಿ ಟ್ರ್ಯಾಕ್ಟರು ಕೆಲಹೊತ್ತು ಚೆನ್ನಾಗಿ ನಡೆದು, ತಟ್ಟನೆ ನಿಂತುಬಿಡುವುದುಂಟು. ಟಾಕಿಯ ಮುಚ್ಚಳವನ್ನು ಸಡಿಲಿಸಿದೊಡನೆ ಗಾಳಿ ಭುಸ್ಸೆಂದು ಒಳನುಗ್ಗುತ್ತದೆ. ಎಂಜಿನ್ನು ಮತ್ತೆ ಹೊರಡುತ್ತದೆ. ಇದಕ್ಕೆ ಕಾರಣವೇನೆಂಬುದನ್ನು ನಾವು ನೋಡೋಣ.

ಡೀಸೆಲ್ ಖರ್ಚಾದಂತೆಲ್ಲ ತೆರವಾದ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಅದಕ್ಕೆಂದೇ ಎಷ್ಟೋ ಟ್ರ್ಯಾಕ್ಟರುಗಳ ಮುಚ್ಚಳದಲ್ಲಿ ಕಿರುರಂಧ್ರವಿರುತ್ತದೆ. ಎರೆಮಣ್ಣಿನ ಧೂಳು ಅದನ್ನು ಮುಚ್ಚಿತೆನ್ನೋಣ. ಟಾಕಿಯಲ್ಲಿ 10 ಲೀಟರು ಗಾಳಿಯಿದ್ದು 1 ಲೀಟರು ಡೀಸೆಲ್ ಖರ್ಚಾದರೆ, ಅಷ್ಟೇ ಗಾಳಿ 11 ಲೀಟರು ಜಾಗವನ್ನು ತುಂಬಬೇಕಾಗುತ್ತದೆ. ಬಾಯ್ಲನ ನಿಯಮದಂತೆ ಅದರ ಒತ್ತಡ ಮೊದಲಿನ 10/11ಕ್ಕೆ ಇಳಿಯುತ್ತದೆ. ಈ ಕೊರತೆಯು ಒಂದು ಮೀಟರಿಗೂ ಮಿಕ್ಕ ಎತ್ತರದ ಡೀಸೆಲ್ ಕಂಬದ ಒತ್ತಡಕ್ಕೆ ಸಮ. ಇಂಧನದ ಹರಿವು ಕುಂಠಿತವಾಗುವುದರಲ್ಲಿ ಆಶ್ಚರ್ಯವೇನು?

ಪೆಟ್ರೋಲ್ ಜೀಪಿನ ಕಥೆ ಬೇರೆ. ಬಿಸಿಲಿಗೆ ಟಾಕಿಯು 27 ಅಂಶ ಸೆಲ್ಸಿಯಸ್‌ನಿಂದ 47 ಅಂಶಕ್ಕೆ ಕಾದರೆ, ಒಳಗೆ ಸಿಕ್ಕಿದ ಗಾಳಿಯ ಒತ್ತಡ ಹದಿನೈದರಲ್ಲೊಂದು ಪಾಲು ಮಾತ್ರ ಏರುತ್ತದೆ. ಪೆಟ್ರೋಲಿನ ಆವಿಯ ಒತ್ತಡವಾದರೋ ಸುಮಾರು ಇಮ್ಮಡಿಯಾಗುತ್ತದೆ. ಆವಿ ಹೊರಹೋಗುವ ದಾರಿ ಕಟ್ಟಿದ್ದಾಗ ಮುಚ್ಚಳ ತೆಗೆದರೆ ಆವಿಯೊಡನೆ ಪೆಟ್ರೋಲೂ ಚಿಮ್ಮೀತು. ಈ ಆವಿ ಗಾಳಿಗಿಂತ ಭಾರವಾದುದು; ನೆಲ ಹಿಡಿದು ಹರಿಯುತ್ತದೆ. ದೂರದಲ್ಲಿ ರವದಿ ಸುಡುವ ಬೆಂಕಿಯೂ ಅದಕ್ಕೆ ಸಾಕು.

ಆದುದರಿಂದ ಎಂಜಿನ್ನನ್ನು ನಿಲ್ಲಿಸಿ, ನೆರಳಿನಲ್ಲಿ ಆರಗೊಟ್ಟು, ಬೀಡಿ-ಬೆಂಕಿಗಳನ್ನು ದೂರವಿಟ್ಟು ಮುಚ್ಚಳವನ್ನು ಮೆಲ್ಲನೆ ಸಡಿಲಿಸಬೇಕು. ಗಾಳಿ ಒಳನುಗ್ಗಿತೋ, ಆವಿ ಹೊರಚಿಮ್ಮಿತೋ ಎಂಬುದೇ ದೋಷದ ಗುರುತು. ಮುಚ್ಚಳವನ್ನು ಸಡಿಲವಾಗಿಯೇ ಬಿಡುವುದು ಪರಿಹಾರವಲ್ಲ. ಕಟ್ಟಿದ ದಾರಿಯನ್ನು ಶುಚಿಮಾಡುವುದೇ ಸರಿಯಾದ ಪರಿಹಾರ.