ಸೊಕ್ಚೊ ಊರಿನಲ್ಲಿ ನಾಲ್ಕು ದಿನ: ನಮ್ಮ ಹೋಟೆಲಿಗೆ ಸಿಕ್ಕ ಪಾಠ



ವಿದೇಶಕ್ಕೆ ಹೋಗಿ ಬಂದವರು ಫೋಟೋ ತೋರಿಸುವುದು ವಾಡಿಕೆ. ನಾನು ಫೋಟೋ ಬಿಟ್ಟು ಲೆಕ್ಕ ತೋರಿಸಲು ಕುಳಿತಿದ್ದೇನೆ. ಬರೆದು ಅಭ್ಯಾಸ ಇಲ್ಲ. ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಟೇಬಲ್ ಒರೆಸಿ, ರಾತ್ರಿಶಾಲೆಯಲ್ಲಿ ಹತ್ತನೆಯವರೆಗೆ ಓದಿದವನು ನಾನು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

2024ರ ಅಕ್ಟೋಬರಿನಲ್ಲಿ ಮಗನ ಕಂಪನಿಯವರು ಅವನನ್ನು ಒಂದು ತಿಂಗಳ ಕೆಲಸಕ್ಕೆ ದಕ್ಷಿಣ ಕೊರಿಯಾಕ್ಕೆ ಕಳುಹಿಸಿದ್ದರು. "ಪಪ್ಪಾ, ನೀವು ಗಲ್ಲಾ ಬಿಟ್ಟು ಹೋದದ್ದು ಊರಿನ ನೇಮಕ್ಕೆ, ಮದುವೆಗೆ ಮಾತ್ರ. ಒಮ್ಮೆ ಬನ್ನಿ" ಎಂದು ಟಿಕೆಟ್ ಮಾಡಿಯೇಬಿಟ್ಟ. ಆ ಹೊತ್ತಿಗೆ ನನ್ನ ಮನಸ್ಸು ಸರಿ ಇರಲಿಲ್ಲ. ಹೋಟೆಲನ್ನು ಕಂಡಕ್ಟಿಂಗ್‌ಗೆ ಕೊಡುವ ಮಾತುಕತೆ ಬಹುತೇಕ ಮುಗಿದಿತ್ತು. ಮೆನು ಕಾರ್ಡಿನಲ್ಲಿ 172 ಐಟಂ. ಒಬ್ಬ ಭಂಡಾರಿ ಊರಿಗೆ ಹೋದರೆ ಅರ್ಧ ಕಾರ್ಡ್ ಬಂದ್. ಬಿಸಿನೆಸ್ ಇದೆ, ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. "ಕೊರಿಯಾದಿಂದ ಬಂದು ಸಹಿ ಹಾಕುತ್ತೇನೆ" ಎಂದು ಆ ಪಾರ್ಟಿಗೆ ಹೇಳಿ ವಿಮಾನ ಹತ್ತಿದೆ.

ಊರು ಎಲ್ಲಿದೆ

ಸೊಕ್ಚೊ ಎಂಬುದು ಕೊರಿಯಾದ ಈಶಾನ್ಯ ಕರಾವಳಿಯ ಸಣ್ಣ ನಗರ. ಸೋಲ್ ನಗರದಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸುಮಾರು ಎರಡೂವರೆ ಗಂಟೆ. 2017ರಲ್ಲಿ ಪೂರ್ತಿಯಾದ ಹೆದ್ದಾರಿಯಲ್ಲಿ ಸುಮಾರು 11 ಕಿಲೋಮೀಟರ್ ಉದ್ದದ ಒಂದು ಸುರಂಗ ಇದೆ. ಅದನ್ನು ದಾಟಿದ ಮೇಲೆ ಗುಡ್ಡ ಇಳಿದು ಸಮುದ್ರಕ್ಕೆ ಬರುತ್ತೀರಿ. ಒಂದು ಕಡೆ ಸಮುದ್ರ, ಬೆನ್ನಿಗೆ ಸೊರಾಕ್‌ಸಾನ್ ಬೆಟ್ಟ. ಘಟ್ಟ ಇಳಿದು ಊರಿಗೆ ಹೋಗುವ ನಮಗೆ ಆ ನೋಟ ಹೊಸದಲ್ಲ. ಆದರೆ ನಮ್ಮ ಘಟ್ಟ ಸಮುದ್ರದಿಂದ ದೂರ. ಅಲ್ಲಿ ಬಂದರಿನಲ್ಲಿ ನಿಂತರೆ ಬೆಟ್ಟದ ಬಂಡೆ ಕಾಣುತ್ತದೆ.

ಇನ್ನೊಂದು ವಿಷಯ. ಈ ಊರು 38ನೇ ಅಕ್ಷಾಂಶದ ಉತ್ತರಕ್ಕಿದೆ. 1945ರಿಂದ ಯುದ್ಧ ಶುರುವಾಗುವವರೆಗೆ ಉತ್ತರ ಕೊರಿಯಾದ ಆಡಳಿತದಲ್ಲಿತ್ತು. 1953ರಲ್ಲಿ ಯುದ್ಧ ನಿಂತಾಗ ದಕ್ಷಿಣಕ್ಕೆ ಸೇರಿ ಉಳಿಯಿತು. ಅಲ್ಲಿಯ ಊಟದ ಕಥೆ ಇದರಿಂದಲೇ ಶುರು.

ಊರು ಬಿಟ್ಟವರ ಹೋಟೆಲುಗಳು

ಪೇಟೆಯ ಎದುರು ಒಂದು ಕಾಲುವೆ, ಅದರಾಚೆ ಅಬಾಯಿ ಗ್ರಾಮ. ಯುದ್ಧದ ಕಾಲದಲ್ಲಿ ಉತ್ತರದ ಹಾಮ್‌ಗ್ಯೊಂಗ್ ಪ್ರಾಂತ್ಯದಿಂದ ಓಡಿಬಂದವರು ಅಲ್ಲಿಯ ಮರಳದಿಣ್ಣೆಯ ಮೇಲೆ ಗುಡಿಸಲು ಹಾಕಿದರು. ಕೆಲವು ದಿನ ಕಳೆದರೆ ಊರಿಗೆ ಮರಳಬಹುದು, ಹತ್ತಿರವೇ ಇರೋಣ ಎಂದು ಲೆಕ್ಕ. ಗಡಿ ಮುಚ್ಚಿತು, ಮತ್ತೆ ತೆರೆಯಲಿಲ್ಲ. 'ಅಬಾಯಿ' ಎಂದರೆ ಅವರ ಕಡೆಯ ಮಾತಿನಲ್ಲಿ ಹಿರಿಯ, ಯಜಮಾನ ಎಂದು ಅರ್ಥ. ಗ್ರಾಮಕ್ಕೆ ಅದೇ ಹೆಸರು ನಿಂತಿತು.

ಆ ಜನ ತಂದದ್ದು ಕೈಯಡುಗೆ ಮಾತ್ರ. ಹಂದಿಯ ಕರುಳಿಗೆ ಅಂಟಕ್ಕಿ, ರಕ್ತ, ತರಕಾರಿ ತುಂಬಿ ಬೇಯಿಸುವ 'ಸುಂದೆ' ಅವರ ಊರಿನ ತಿಂಡಿ. ಹೊಸ ಜಾಗದಲ್ಲಿ ಕರುಳು ಸಿಗುವುದು ಕಷ್ಟ, ಬೊಂಡಾಸ್ ಬೇಕಾದಷ್ಟು. ಹಾಗಾಗಿ ಬೊಂಡಾಸಿನ ಹೊಟ್ಟೆಗೇ ಅಂಟಕ್ಕಿ, ತರಕಾರಿ ತುಂಬಿದರು ಎನ್ನುತ್ತಾರೆ. ಬೇಯಿಸಿ, ಉಂಗುರದಂತೆ ಕೊಯ್ದು, ಮೊಟ್ಟೆಯಲ್ಲಿ ಅದ್ದಿ ಕಾವಲಿಯಲ್ಲಿ ಹುರಿದು ಕೊಡುತ್ತಾರೆ. ಇವತ್ತು ಸೊಕ್ಚೊಗೆ ಬಂದವರು ಅದನ್ನು ತಿನ್ನದೆ ಹೋಗುವುದಿಲ್ಲ. ನನ್ನ ಹೋಟೆಲು ಶುದ್ಧ ಶಾಕಾಹಾರಿ, ಮಾಲಕ ಮೀನು ಬಿಟ್ಟವನಲ್ಲ. ಎರಡು ಪ್ಲೇಟ್ ತಿಂದೆ.

ಆ ಕಾಲುವೆ ದಾಟಲು 'ಗೆಟ್‌ಬೆ' ಎಂಬ ಚಪ್ಪಟೆ ದೋಣಿ ಇದೆ. ಇಂಜಿನ್ ಇಲ್ಲ. ಈ ದಡದಿಂದ ಆ ದಡಕ್ಕೆ ಕಟ್ಟಿದ ಉಕ್ಕಿನ ಹಗ್ಗಕ್ಕೆ ಕೊಕ್ಕೆ ಹಾಕಿ ಕೈಯಿಂದ ಎಳೆಯುವುದು. ಪ್ರಯಾಣಿಕರೂ ಎಳೆಯಬಹುದು. 2000ನೇ ಇಸವಿಯಲ್ಲಿ ಒಂದು ಟಿವಿ ಧಾರಾವಾಹಿಯ ಶೂಟಿಂಗ್ ಇಲ್ಲಿ ಆದ ಮೇಲೆ ಜನ ಈ ದೋಣಿಗಾಗಿಯೇ ಬರತೊಡಗಿದರು. ನಾನೂ ಮಗನೂ ಒಂದೊಂದು ಕೊಕ್ಕೆ ಹಿಡಿದು ಎಳೆದೆವು. "ಇವರಿಗೆ ಊರಿಗೆ ಹೋಗುವ ದಾರಿಯೇ ಇಲ್ಲ, ನಮಗೆ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಊರು" ಎಂದೆ. ಅವನು ಸುಮ್ಮನೆ ಹಗ್ಗ ಎಳೆದ. ಆಮೇಲೆ ಕೇಳಿದ, "ಪಪ್ಪಾ, ನಮ್ಮ ಬೋರ್ಡಿನಲ್ಲಿ ಉಡುಪಿ ಎಂದು ಇದೆಯಲ್ಲ, ಒಳಗೆ ಉಡುಪಿಯದು ಎಷ್ಟು ಇದೆ?" ನನಗೆ ತಕ್ಷಣ ಉತ್ತರ ಬರಲಿಲ್ಲ. ಷೆಜ್ವಾನ್ ದೋಸೆಯನ್ನು ಊರಿನದು ಎಂದು ಹೇಳಲಾಗುತ್ತದೆಯೇ?

ಬಂದರಿನ ಪದ್ಧತಿ

ದೇಪೊ ಬಂದರಿನಲ್ಲಿ ಸಾಲು ಸಾಲು ತೊಟ್ಟಿ. ನಮ್ಮ ನಂಗ್ ಮೀನಿನ ದೊಡ್ಡಣ್ಣನಂಥ ಚಪ್ಪಟೆ ಮೀನು, ಏಡಿ, ಬೊಂಡಾಸ್, ಎಲ್ಲ ಜೀವಂತ. ನೀವು ಬೆರಳು ತೋರಿಸಿದ ಮೀನನ್ನು ತೂಗಿ, ಕೊಯ್ದು ಕೊಡುತ್ತಾರೆ. ಅವರು ಹಸಿಯಾಗಿಯೇ ತಿನ್ನುತ್ತಾರೆ, ಹೆಸರು 'ಹ್ವೆ'. ಕೆಲವು ಮಾರ್ಕೆಟುಗಳಲ್ಲಿ ಮೀನಿನ ಅಂಗಡಿ ಬೇರೆ, ಕುಳಿತು ತಿನ್ನುವ ಜಾಗ ಬೇರೆ. ಅಲ್ಲಿ ತಲೆಗೆ ಇಷ್ಟು ಎಂದು ದರ ಕೊಟ್ಟರೆ ಸೊಪ್ಪು, ಬೆಳ್ಳುಳ್ಳಿ, ಖಾರದ ಚಟ್ನಿ ಬರುತ್ತದೆ. ಉಳಿದ ತಲೆ, ಮುಳ್ಳು ಎಸೆಯುವುದಿಲ್ಲ. ಇನ್ನಷ್ಟು ಹಣ ಕೊಟ್ಟರೆ ಅದನ್ನೇ ಖಾರದ ಸಾರು ಮಾಡಿ ತರುತ್ತಾರೆ. ಒಂದು ಮೀನು, ಎರಡು ಬಿಲ್, ವೇಸ್ಟ್ ಸೊನ್ನೆ. ಹಸಿ ಮೀನು ನನಗೆ ಎರಡು ತುಂಡಿಗಿಂತ ಹೆಚ್ಚು ಇಳಿಯಲಿಲ್ಲ. ಸಾರು ಮಾತ್ರ ಊರಿನ ಪುಳಿಮುಂಚಿಯ ನೆನಪು ತಂದಿತು, ಹುಳಿ ಒಂದು ಇಲ್ಲ.

ಬೆಳಗಿನ ತಿಂಡಿಗೆ ಒಣ ಪೊಲಾಕ್ ಮೀನಿನ ಬಿಳಿ ಸಾರು. ಬೆಟ್ಟದಾಚೆಯ ಇಂಜೆ ಕಡೆ ಚಳಿಗಾಲದಲ್ಲಿ ಈ ಮೀನನ್ನು ಸಾಲಾಗಿ ನೇತುಹಾಕುತ್ತಾರೆ. ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ, ತಿಂಗಳುಗಟ್ಟಲೆ ಹೀಗೆ ಆಗಿ ಹಳದಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಈ ಸಮುದ್ರದಲ್ಲಿ ಒಂದು ಕಾಲಕ್ಕೆ ರಾಶಿ ಬೀಳುತ್ತಿದ್ದ ಆ ಮೀನು ಈಗ ಇಲ್ಲವಾಗಿದೆ. 2019ರಿಂದ ಅದನ್ನು ಹಿಡಿಯುವುದಕ್ಕೇ ಸರಕಾರದ ನಿಷೇಧ. ಒಣಗಿಸುವುದು ಬಹುಪಾಲು ರಷ್ಯಾದ ಮೀನು. ನಾವು ತಿಂಡಿ ತಿಂದ ಹೋಟೆಲಿನ ಗೋಡೆಯಲ್ಲಿ ಅದನ್ನು ಬರೆದು ಹಾಕಿದ್ದರು: ಪೊಲಾಕ್ ರಷ್ಯಾದ್ದು, ಅಕ್ಕಿ ನಮ್ಮ ದೇಶದ್ದು. ಅಕ್ಕಿ, ಮಾಂಸ, ಮುಖ್ಯ ಮೀನುಗಳು ಎಲ್ಲಿಯವು ಎಂದು ಹೋಟೆಲಿನಲ್ಲಿ ತೋರಿಸುವುದು ಅಲ್ಲಿ ಕಾನೂನು. ಊರಿನ ಹೆಸರು ಹೇಳಿ ಮಾರುವ ಸಾರಿಗೆ ಹೊರದೇಶದ ಮೀನು ಎಂದು ಬರೆದರೂ ಗಿರಾಕಿ ತುಂಬಿದ್ದರು.

ಬೆಟ್ಟ ಹತ್ತಿದ್ದು

ಸೊರಾಕ್‌ಸಾನ್ 1970ರಿಂದ ರಾಷ್ಟ್ರೀಯ ಉದ್ಯಾನ. ತುದಿ 1,708 ಮೀಟರ್. ನಾವು ಹತ್ತಿದ್ದು ಅದಲ್ಲ, 873 ಮೀಟರಿನ ಉಲ್ಸಾನ್‌ಬಾವಿ. ಅವರ ಭಾಷೆಯಲ್ಲಿ 'ಬಾವಿ' ಎಂದರೆ ಬಂಡೆ. ಉತ್ತರದ ಗುಮ್‌ಗಾಂಗ್ ಬೆಟ್ಟ ನಿರ್ಮಾಣವಾಗುವಾಗ ಚೆಂದದ ಬಂಡೆಗಳೆಲ್ಲ ಬರಬೇಕೆಂದು ಕರೆ ಹೋಯಿತಂತೆ. ದಕ್ಷಿಣದ ಉಲ್ಸಾನಿನ ಬಂಡೆಯೂ ಹೊರಟಿತು. ಭಾರ ಹೆಚ್ಚು, ತಡವಾಯಿತು, ಜಾಗ ತುಂಬಿತ್ತು. ಊರಿಗೆ ಮರಳಲು ನಾಚಿಕೆಯಾಗಿ ಇಲ್ಲಿಯೇ ಕುಳಿತಿತು ಎಂಬುದು ಕಥೆ. ಮುಂಬಯಿಯಲ್ಲಿ ಇದು ಯಾರಿಗೆ ಅರ್ಥವಾಗುವುದಿಲ್ಲ ಹೇಳಿ.

ಬಾಗಿಲಿನ ಹತ್ತಿರ ಸಿನ್‌ಹುಂಗ್ಸಾ ಬೌದ್ಧ ದೇವಾಲಯ, 14.6 ಮೀಟರಿನ ಕಂಚಿನ ಬುದ್ಧ. ದೇಶ ಒಂದಾಗಲಿ ಎಂದು ಆ ಮೂರ್ತಿಗೆ ಏಕತೆಯ ಹೆಸರು. ದಾರಿಯಲ್ಲಿ ಒಬ್ಬ ತಳ್ಳಿದರೂ ಅಲ್ಲಾಡುವ, ನೂರು ಜನ ತಳ್ಳಿದರೂ ಬೀಳದ ಬಂಡೆ ಎಂದು ಹೆಸರಾದದ್ದು ಒಂದಿದೆ. ಅಲ್ಲಿಂದ ಮುಂದೆ ಕೊನೆಯ ಒಂದು ಕಿಲೋಮೀಟರ್ ಬರೀ ಮೆಟ್ಟಿಲು, ಬಂಡೆಗೆ ಹೊಂದಿಸಿದ ಕಬ್ಬಿಣದ ಏಣಿ. ಎರಡು ಗಂಟೆಯ ದಾರಿ ನನಗೆ ಮೂರು ಗಂಟೆ ಹಿಡಿಯಿತು. ಗಲ್ಲಾದಲ್ಲಿ ಕುಳಿತ ಮೊಣಕಾಲು ಅಲ್ಲಿ ಲೆಕ್ಕ ಕೊಟ್ಟಿತು. ನನಗಿಂತ ಹತ್ತು ವರ್ಷ ದೊಡ್ಡವರಂತೆ ಕಾಣುವ ಹೆಂಗಸರು ಕೋಲು ಊರುತ್ತಾ ನಮ್ಮನ್ನು ದಾಟಿ ಹೋದರು. ಕುಳಿತಲ್ಲಿ ಒಬ್ಬರು ಚೀಲದಿಂದ ಮುಳ್ಳುಸೌತೆ ತೆಗೆದು ಅರ್ಧ ಮುರಿದು ನನ್ನ ಕೈಗೆ ಕೊಟ್ಟರು. ತಿಂದ ಮೇಲೆ ಕಸವನ್ನು ತಮ್ಮದೇ ಚೀಲಕ್ಕೆ ಹಾಕಿಕೊಂಡರು.

ಮೇಲೆ ನಿಂತಾಗ ಸಮುದ್ರ ಕಾಣುತ್ತಿತ್ತು. ಮಗ ಆಗ ಹೇಳಿದ: "ಹೋಟೆಲು ಕೊಡುವುದಾದರೆ ಕೊಡಿ. ಆದರೆ ಯಾವುದರಿಂದ ಲಾಸ್ ಎಂದು ನೋಡಿದ ಮೇಲೆ ಕೊಡಿ. ನೀವು ಇನ್ನೂ ನೋಡಿಲ್ಲ." ಸಿಟ್ಟು ಬಂತು. ಇಳಿಯುವಾಗ ಅರ್ಧ ದಾರಿ ನಾನು ಮಾತಾಡಲಿಲ್ಲ.

ಮೂರೇ ಐಟಂ

ಮರುದಿನ ಬೆಟ್ಟದ ಬುಡದ ಹಕ್ಸಾಪ್ಯೊಂಗ್ ಎಂಬಲ್ಲಿಗೆ ಹೋದೆವು. ಅಲ್ಲಿ ಸೋಯಾ ಹಾಲನ್ನು ಒಡೆದು ಮಾಡುವ ಮೆತ್ತಗಿನ ತೋಫು, 'ಸುಂದುಬು', ಅದರದೇ ಹೋಟೆಲುಗಳ ಸಾಲು. ಈ ಕರಾವಳಿಯಲ್ಲಿ ಹಾಲು ಒಡೆಯಲು ಸಮುದ್ರದ ನೀರು ಬಳಸುವ ಪದ್ಧತಿ ಇದೆ. ನಾವು ಕುಳಿತ ಹೋಟೆಲಿನಲ್ಲಿ ತಾಯಿ ಅಡುಗೆಗೆ, ಮಗ ಟೇಬಲಿಗೆ, ಇನ್ನಿಬ್ಬರು ಸಹಾಯಕ್ಕೆ. ಗೋಡೆಯ ಮೇಲೆ ಮೂರೇ ಐಟಂ: ಬಿಳಿ ಸುಂದುಬು, ಖಾರದ ಸುಂದುಬು, ಹುರಿದ ತೋಫು. ಎಲ್ಲವೂ ಒಂದೇ ಪಾತ್ರೆಯ ಹಾಲಿನಿಂದ. ಜೊತೆಗೆ ಅನ್ನ, ಐದಾರು ಬಗೆಯ ಪಲ್ಯ-ಉಪ್ಪಿನಕಾಯಿ. ಅದಕ್ಕೆ ಬೇರೆ ಬಿಲ್ ಇಲ್ಲ, ಕೇಳಿದರೆ ಮತ್ತೆ ಹಾಕುತ್ತಾರೆ.

ನಾನು ಗಡಿಯಾರ ನೋಡಿದೆ. ಆರ್ಡರ್ ಆಗಿ ಐದು ನಿಮಿಷದಲ್ಲಿ ಟೇಬಲಿಗೆ ಬಂತು. ನಮ್ಮ ಅಡುಗೆಮನೆಯಲ್ಲಿ ಎಂಟು ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದು ಕಣ್ಣೆದುರು ಬಂತು.

ಕಲಿತದ್ದು, ಮಾಡಿದ್ದು

1. ಮೆನು. ಹಿಂತಿರುಗಿ ಬಂದವನು ಪಾರ್ಟಿಯಿಂದ ಒಂದು ತಿಂಗಳು ಸಮಯ ಕೇಳಿದೆ. ಆ ತಿಂಗಳ ಕೆಒಟಿ ಎಲ್ಲ ಮಗ ಎಣಿಸಿದ. 172ರಲ್ಲಿ ದಿನಕ್ಕೆ ಒಂದಾದರೂ ಹೋಗದ ಐಟಂ 80ಕ್ಕಿಂತ ಹೆಚ್ಚು. ಅವಕ್ಕಾಗಿಯೇ ಫ್ರಿಜ್ಜಿನಲ್ಲಿ ನಾಲ್ಕು ಬಗೆಯ ಗ್ರೇವಿ, ಬೇರೆ ಭಂಡಾರಿ, ಬೇರೆ ಬರ್ನರ್. ಈಗ 64 ಐಟಂ ಇಟ್ಟಿದ್ದೇನೆ. ಒಂದು ಹಿಟ್ಟಿನಿಂದ, ಒಂದು ಮಸಾಲೆಯಿಂದ ಎಷ್ಟು ಐಟಂ ಬರುತ್ತದೆ ಎಂದು ನೋಡಿ ಆಯ್ಕೆ ಮಾಡಿದೆ.

2. ಊರಿನ ತಿಂಡಿ. ವಾರಕ್ಕೆ ಎರಡು ದಿನ ನೀರ್‌ದೋಸೆ, ಗೋಳಿಬಜೆ, ಮಳೆಗಾಲದಲ್ಲಿ ಪತ್ರೊಡೆ. ಬೋರ್ಡಿನಲ್ಲಿ ಕನ್ನಡದಲ್ಲಿಯೂ ಬರೆಸಿದೆ. ಪತ್ರೊಡೆ ಮೊದಲು ಕೇಳಿದ್ದು ಗುಜರಾತಿ ಗಿರಾಕಿಗಳು, ಅವರಿಗೆ ಪಾತ್ರಾ ಗೊತ್ತಲ್ಲ!

3. ದರ. ಕೊರಿಯಾದಲ್ಲಿ ಕಾರ್ಡಿನಲ್ಲಿದ್ದ ದರವೇ ಬಿಲ್, ತೆರಿಗೆ ಒಳಗೇ. ಟಿಪ್ಸ್ ಪದ್ಧತಿ ಇಲ್ಲ. ನಾನೂ ಜಿಎಸ್‌ಟಿ ಸೇರಿಸಿಯೇ ದರ ಬರೆಸಿದ್ದೇನೆ. ಕೌಂಟರಿನಲ್ಲಿ ವಾದ ಕಡಿಮೆಯಾಗಿದೆ.

4. ಎಂಜಲು. ಅಲ್ಲಿ 2005ರಿಂದ ಆಹಾರದ ಕಸವನ್ನು ನೇರವಾಗಿ ಮಣ್ಣಿಗೆ ತುಂಬುವಂತಿಲ್ಲ. ಎಸೆದಷ್ಟಕ್ಕೆ ಹಣ ಕೊಡಬೇಕು. ಹಾಗಾಗಿ ಪಲ್ಯವನ್ನು ಸಣ್ಣ ಬಟ್ಟಲಲ್ಲಿ ಕೊಟ್ಟು ಬೇಕಿದ್ದರೆ ಮತ್ತೆ ಹಾಕುತ್ತಾರೆ. ನಾನು ಚಟ್ನಿ-ಸಾಂಬಾರಿಗೆ ಇದೇ ಮಾಡಿದೆ. ಮೋರಿ ಹುಡುಗನೇ ಬಂದು ಹೇಳಿದ, "ಸೇಠ್, ಡಬ್ಬ ಈಗ ಅರ್ಧವೇ ತುಂಬುತ್ತದೆ."

5. ಆಗದೆ ಹೋದದ್ದು. ಅಲ್ಲಿ ನೀರು ಗಿರಾಕಿಯೇ ತೆಗೆದುಕೊಳ್ಳುತ್ತಾನೆ, ಚಮಚ ಟೇಬಲಿನ ಡ್ರಾಯರಿನಲ್ಲಿ. ನಾನು ನೀರಿನ ಜಗ್ ಮೂಲೆಯಲ್ಲಿಟ್ಟು ನೋಡಿದೆ. ಒಂದೇ ವಾರ. ಕುಳಿತ ಕೂಡಲೇ ನೀರು ಬರದಿದ್ದರೆ ನಮ್ಮ ಗಿರಾಕಿಗೆ ಅದು ಹೋಟೆಲೇ ಅಲ್ಲ.

ಮೊದಲ ತಿಂಗಳು ಬಿಸಿನೆಸ್ ಇಳಿಯಿತು. ಚೈನೀಸ್ ಇಲ್ಲವೆಂದು ಎರಡು ಹಳೆಯ ಕುಟುಂಬ ಬರುವುದು ಬಿಟ್ಟರು. ನಾಲ್ಕನೇ ತಿಂಗಳಿಗೆ ಗಲ್ಲಾ ಹೆಚ್ಚುಕಡಿಮೆ ಮೊದಲಿನಷ್ಟಾಯಿತು, ಗ್ಯಾಸ್ ಮತ್ತು ತರಕಾರಿ ಬಿಲ್ ಮಾತ್ರ ಇಳಿದೇ ಉಳಿಯಿತು. ಕಂಡಕ್ಟಿಂಗ್ ಕಾಗದಕ್ಕೆ ಸಹಿ ಹಾಕಲಿಲ್ಲ. ಕೊಟ್ಟ ಮಾತು ತಪ್ಪಿದೆನಲ್ಲ ಎಂಬ ಬೇಸರ ಇದೆ, ಆ ಪಾರ್ಟಿ ಈಗಲೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ. ಮಗ ಕೆಲಸ ಬಿಟ್ಟು ಗಲ್ಲಾಕ್ಕೆ ಬಂದಿಲ್ಲ, ಬಾ ಎಂದು ನಾನೂ ಹೇಳಿಲ್ಲ. ಭಾನುವಾರ ಬಂದು ವಾರದ ಲೆಕ್ಕ ನೋಡುತ್ತಾನೆ.

ಹೋಗುವವರಿಗೆ

ಭಾರತೀಯರಿಗೆ ವೀಸಾ ಬೇಕು. ಅಕ್ಟೋಬರಿನಲ್ಲಿ ಎಲೆ ಕೆಂಪಾಗುವ ಕಾಲ, ಚೆಂದ ಇದೆ, ರಶ್ಶೂ ಇದೆ. ಗಾಳಿ ಜೋರಿದ್ದರೆ ಬೆಟ್ಟದ ಕೇಬಲ್ ಕಾರ್ ನಿಲ್ಲಿಸುತ್ತಾರೆ. ಕಾಡ್ಗಿಚ್ಚಿನ ಭಯದಿಂದ ವಸಂತದಲ್ಲಿ ಮತ್ತು ಚಳಿಗಾಲದ ಮೊದಲಿಗೆ ಎತ್ತರದ ದಾರಿಗಳನ್ನು ಮುಚ್ಚುತ್ತಾರೆ, ಕೇಳಿಕೊಂಡು ಹೋಗಿ. ಶಾಕಾಹಾರಿಗಳು ಎಚ್ಚರ: ಕಿಮ್ಚಿಯಲ್ಲಿ ಸಾಮಾನ್ಯವಾಗಿ ಮೀನಿನ ರಸ ಅಥವಾ ಉಪ್ಪು ಸೀಗಡಿ ಇರುತ್ತದೆ. ಬಿಳಿ ಸುಂದುಬು, ಬೆಟ್ಟದ ಸೊಪ್ಪು ಹಾಕಿದ ಬಿಬಿಂಬಾಪ್ ಸಿಗುತ್ತದೆ, ಆದರೂ ಒಮ್ಮೆ ಕೇಳಿಯೇ ತಿನ್ನಿ.

ಕೊರಿಯಾಕ್ಕೆ ಹೋಗಲೇಬೇಕು ಎಂದು ನಾನು ಹೇಳುವುದಿಲ್ಲ. ಒಂದು ತಿಂಗಳ ಕೆಒಟಿ ಎಣಿಸಲು ಪಾಸ್‌ಪೋರ್ಟ್ ಬೇಡ. ಎಣಿಸಿದವರು ತಮ್ಮ ಲೆಕ್ಕವನ್ನು ಈ ಪತ್ರಿಕೆಗೆ ಬರೆದು ಕಳುಹಿಸಿ. ಯಾವ ಐಟಂ ತೆಗೆದಿರಿ, ಏನು ಉಳಿಯಿತು, ಏನು ಕೈಕೊಟ್ಟಿತು ಎಂದು ತಿಳಿದರೆ ಉಳಿದವರಿಗೂ ಉಪಯೋಗ.