ಬೇಯಿಸಿಟ್ಟ ಬೆಳಕು: ಎಂಟನೇ ತರಗತಿಯ ‘ಬೆಳಕು’ ಪಾಠದಲ್ಲಿ ಗೇಮ್ ಎಂಜಿನ್ ಬಳಕೆ

ಪೀಠಿಕೆ

ನಿಯತ ಪ್ರತಿಫಲನವನ್ನು ಕಲಿಸುವುದು ಸುಲಭ. ಸಮತಲ ಕನ್ನಡಿ, ಬಾಚಣಿಗೆ, ಟಾರ್ಚ್ ಇದ್ದರೆ ಸಾಕು. ಚದುರಿದ ಪ್ರತಿಫಲನ ಹಾಗಲ್ಲ. ಮೇಜಿನ ಕೆಳಗೆ ಬಿಸಿಲು ಬೀಳದಿದ್ದರೂ ಅಲ್ಲಿ ಬಿದ್ದ ಪೆನ್ಸಿಲ್ ನಮಗೆ ಕಾಣುತ್ತದೆ. ಗೋಡೆ, ನೆಲ, ಚಾವಣಿಗಳು ಬೆಳಕನ್ನು ಮತ್ತೆ ಮತ್ತೆ ಚದುರಿಸುವುದೇ ಇದಕ್ಕೆ ಕಾರಣ. ಆದರೆ ತರಗತಿಯಲ್ಲಿ ನೇರ ಬೆಳಕನ್ನು ಉಳಿಸಿಕೊಂಡು ಚದುರಿದ ಬೆಳಕನ್ನು ಮಾತ್ರ ಆರಿಸಿ ತೋರಿಸಲು ಸಾಧ್ಯವಿಲ್ಲ. ಗೇಮ್ ಎಂಜಿನ್‌ನಲ್ಲಿ ಅದು ಸಾಧ್ಯ. ಆದ್ದರಿಂದ ನನ್ನ ಅಭ್ಯಾಸ ಬೋಧನೆಯ ಒಂದು ಪಾಠಕ್ಕೆ ಗೊಡೋ ಎಂಬ ಮುಕ್ತ ತಂತ್ರಾಂಶವನ್ನು ಬೋಧನೋಪಕರಣವಾಗಿ ಆರಿಸಿಕೊಂಡೆ. ಅದರಿಂದಾದ ಲಾಭವನ್ನೂ ಅದರಲ್ಲಿರುವ ಅಪಾಯವನ್ನೂ ಇಲ್ಲಿ ದಾಖಲಿಸಿದ್ದೇನೆ.

ವಿಷಯ ಹಿನ್ನೆಲೆ

ಗೇಮ್ ಸರಾಗವಾಗಿ ಓಡಲು ಸೆಕೆಂಡಿಗೆ 60 ಚಿತ್ರಗಳು ಬೇಕೆಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಬೆಳಕಿನ ಎಲ್ಲ ಪುಟಿತಗಳನ್ನು ಲೆಕ್ಕ ಹಾಕುವುದು ಸಾಧಾರಣ ಕಂಪ್ಯೂಟರಿಗೆ ಕಷ್ಟ. ಆದ್ದರಿಂದ ಅಲುಗಾಡದ ವಸ್ತುಗಳ ಮೇಲೆ ಬೀಳುವ ಬೆಳಕನ್ನು ಮೊದಲೇ ಲೆಕ್ಕ ಹಾಕಿ ಒಂದು ಚಿತ್ರದಲ್ಲಿ ಉಳಿಸುತ್ತಾರೆ. ಆ ಚಿತ್ರವೇ ಲೈಟ್‌ಮ್ಯಾಪ್. ಹಾಗೆ ಸಿದ್ಧಪಡಿಸುವುದು ಬೇಕಿಂಗ್. ಮದುವೆ ಮನೆಯಲ್ಲಿ ಅಡುಗೆ ಮೊದಲೇ ಆಗಿರುತ್ತದೆ, ಪಂಕ್ತಿಯಲ್ಲಿ ಬಡಿಸುವುದಷ್ಟೇ ಕೆಲಸ. ಇದೂ ಹಾಗೆಯೇ. 1996ರ ಕ್ವೇಕ್ ಗೇಮ್‌ನಲ್ಲಿಯೇ ಈ ವಿಧಾನವಿತ್ತು.

ಗೇಮ್‌ನ ವಸ್ತುಗಳು ತ್ರಿಭುಜಗಳಿಂದಾದ ಜಾಲಗಳು. ಇವಕ್ಕೆ ಮೆಶ್ ಎನ್ನುತ್ತಾರೆ. ಲೈಟ್‌ಮ್ಯಾಪ್ ಅಂಟಿಸಲು ಮೆಶ್‌ನ ಮೇಲ್ಮೈಯನ್ನು ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿದಂತೆ ಚಪ್ಪಟೆಯಾಗಿ ಹರಡಬೇಕು. ಹರಡಿದ ಭಾಗಗಳು ಒಂದರ ಮೇಲೊಂದು ಬಂದರೆ ಒಂದು ಮುಖದ ನೆರಳು ಇನ್ನೊಂದರ ಮೇಲೆ ಕಾಣಿಸಿಕೊಳ್ಳುತ್ತದೆ.

ಪೂರ್ವಸಿದ್ಧತೆ

ಬೇಕಿಂಗ್‌ಗೆ ಸಮಯ ಹಿಡಿಯುವುದರಿಂದ ಎಲ್ಲ ದೃಶ್ಯಗಳನ್ನೂ ಮನೆಯಲ್ಲಿಯೇ ಬೇಕ್ ಮಾಡಿಕೊಂಡೆ. ಒಂದು ಕಿಟಕಿ, ಒಂದು ಮೇಜು, ಒಂದು ಕುರ್ಚಿ, ಒಂದು ಕೆಂಪು ಗೋಡೆ ಇರುವ ಕೋಣೆ. ಆಕಾಶದ ಬೆಳಕನ್ನು ತೆಗೆದು, ಸೂರ್ಯನ ಬೆಳಕಿನ ಬೇಕ್ ಮೋಡ್ ಅನ್ನು ಸ್ಟ್ಯಾಟಿಕ್‌ಗೆ ಇಟ್ಟೆ. ಡೈನಾಮಿಕ್ ಎಂದಿದ್ದರೆ ನೇರ ಬೆಳಕೂ ಅದರ ನೆರಳೂ ಬೇಕ್ ಆಗದೆ ಆಗಿಂದಾಗ್ಗೆ ಲೆಕ್ಕವಾಗುತ್ತವೆ. ಪುಟಿತಗಳ ಸಂಖ್ಯೆ 0, 1, 3 ಇರುವ ಮೂರು ಪ್ರತಿಗಳನ್ನೂ, ಗೋಡೆ ಮತ್ತು ನೆಲದ ನಡುವೆ ಬೇಕೆಂದೇ ಸಂದಿ ಬಿಟ್ಟ ನಾಲ್ಕನೆಯ ಪ್ರತಿಯನ್ನೂ ಉಳಿಸಿಕೊಂಡೆ.

ಪಾಠದ ಹಂತಗಳು

ತೊಡಗಿಸಿಕೊಳ್ಳುವಿಕೆ: ಮೊದಲ ಚಟುವಟಿಕೆ ಪರದೆಯ ಮೇಲಲ್ಲ, ಅಂಗಳದಲ್ಲಿ. ಬಿಳಿ ಹಾಳೆಯ ಪಕ್ಕದಲ್ಲಿ ಕೆಂಪು ಚಾರ್ಟನ್ನು ಬಿಸಿಲಿಗೆ ನಿಲ್ಲಿಸಿದೆವು. ಹಾಳೆಯ ಅಂಚಿಗೆ ಕೆಂಪು ಛಾಯೆ ಬಂದುದನ್ನು ಮಕ್ಕಳೇ ಗುರುತಿಸಿದರು.

ಅನ್ವೇಷಣೆ: ಪುಟಿತ 0 ಇರುವ ಕೋಣೆಯಲ್ಲಿ ಬಿಸಿಲಿನ ಚೌಕ ಬಿಟ್ಟರೆ ಉಳಿದೆಲ್ಲ ಕಡುಕಪ್ಪು. 1 ಎಂದಾಗ ಗೋಡೆಗಳು ಮೂಡಿದವು, ಕೆಂಪು ಗೋಡೆಯ ಬುಡದಲ್ಲಿ ನೆಲ ಕೆಂಪಾಯಿತು. 3 ಎಂದಾಗ ಮೇಜಿನ ಕೆಳಭಾಗವೂ ಕಂಡಿತು. ‘ಚಾರ್ಟ್ ಪಕ್ಕ ಆದದ್ದೇ ಇಲ್ಲೂ ಆಗಿದೆ ಮಿಸ್’ ಎಂದು ಒಬ್ಬ ಹುಡುಗ ತಾನಾಗಿಯೇ ಹೋಲಿಸಿದ.

ವಿವರಣೆ: ಮೇಜಿನ ಹಲಗೆಯ ಮೆಶ್ ತೋರಿಸಿ ಎಣಿಸಲು ಹೇಳಿದೆ. ಶೃಂಗ 8, ಅಂಚು 18, ತ್ರಿಭುಜ 12. ಆಯ್ಲರ್ ಸೂತ್ರದಂತೆ 8 − 18 + 12 = 2. ನಂತರ ಬೇಕ್ ಮಾಡದ ಪ್ರತಿಯಲ್ಲಿ ಒಂದು ಅಂಚನ್ನು ಎತ್ತಿ ಹಲಗೆಯನ್ನು ಓರೆಮಾಡಿದೆ. ಅದರ ಹೊಳಪು ಕುಗ್ಗಿತು. ಟಾರ್ಚನ್ನು ಹಾಳೆಗೆ ಓರೆಯಾಗಿ ಹಿಡಿದು, ಅಷ್ಟೇ ಬೆಳಕು ಹೆಚ್ಚು ಜಾಗಕ್ಕೆ ಹರಡುವುದನ್ನು ತೋರಿಸಿದೆ. ಲಂಬದಿಂದ 60 ಡಿಗ್ರಿ ವಾಲಿದರೆ ಹೊಳಪು ಅರ್ಧಕ್ಕಿಳಿಯುತ್ತದೆ.

ವಿಸ್ತರಣೆ: ನಾಲ್ಕನೆಯ ಪ್ರತಿಯಲ್ಲಿ ನೆಲದ ಮೇಲೆ ಬೆಳಕಿನ ಗೆರೆಯೊಂದಿತ್ತು. ‘ಇದು ಎಲ್ಲಿಂದ ಬಂತು?’ ಎಂದು ಕೇಳಿದೆ. ಬೆಳಕು ಸರಳರೇಖೆಯಲ್ಲಿ ಸಾಗುತ್ತದೆ ಎಂಬುದನ್ನೇ ಹಿಡಿದು ಹಿಂದಕ್ಕೆ ಗೆರೆ ಎಳೆದು ಮಕ್ಕಳು ಸಂದಿಯನ್ನು ಪತ್ತೆಹಚ್ಚಿದರು.

ನೆರಳಿನ ಪ್ರಶ್ನೆ

ಕೊನೆಗೆ ಬೇಕ್ ಆದ ಕೋಣೆಯಲ್ಲಿ ಕುರ್ಚಿಯನ್ನು ಸರಿಸುವ ಮೊದಲು ‘ನೆರಳು ಏನಾಗುತ್ತದೆ?’ ಎಂದು ಊಹಿಸಲು ಹೇಳಿದೆ. ಕುರ್ಚಿಯ ಜೊತೆ ಹೋಗುತ್ತದೆ ಎಂದರು. ಕುರ್ಚಿ ಹೋಯಿತು, ನೆರಳು ಅಲ್ಲೇ ಉಳಿಯಿತು. ತರಗತಿ ನಗೆಯಲ್ಲಿ ಮುಳುಗಿತು.

ಪಾಠ ವೀಕ್ಷಿಸಿದ ಉಪನ್ಯಾಸಕರು ಆಮೇಲೆ ಕೇಳಿದ ಪ್ರಶ್ನೆ ಗಂಭೀರವಾದದ್ದು: ‘ನೆರಳು ಒಂದು ವಸ್ತು ಎಂಬ ತಪ್ಪುಕಲ್ಪನೆ ಮಕ್ಕಳಲ್ಲಿ ಮೊದಲೇ ಇರುತ್ತದೆ. ಈ ದೃಶ್ಯ ಅದನ್ನು ಬಲಪಡಿಸುವುದಿಲ್ಲವೇ?’ ಮೌಲ್ಯಮಾಪನದ ಚೀಟಿಗಳಲ್ಲಿ ಎರಡೂ ಬಗೆಯ ಉತ್ತರಗಳಿದ್ದವು. ಒಬ್ಬಳು ಬರೆದಿದ್ದಳು: ‘ಅದು ಮೊದಲೇ ಲೆಕ್ಕ ಹಾಕಿದ್ದು. ನಿಜವಾದ ನೆರಳಿಗೆ ಕುರ್ಚಿ ಅಲ್ಲೇ ಇರಬೇಕು.’ ಇನ್ನೊಬ್ಬ ಬರೆದಿದ್ದ: ‘ನೆರಳು ನೆಲಕ್ಕೆ ಅಂಟಿಕೊಂಡಿರುತ್ತದೆ.’ ಮರುದಿನ ಅಂಗಳಕ್ಕೆ ಕುರ್ಚಿ ತಂದು, ನೆರಳಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಸಿ, ಕುರ್ಚಿ ಸರಿಸಲು ಆ ಹುಡುಗನಿಗೇ ಹೇಳಿದೆ. ಗೆರೆ ಉಳಿಯಿತು, ನೆರಳು ಉಳಿಯಲಿಲ್ಲ. ‘ಕಂಪ್ಯೂಟರ್‌ನಲ್ಲಿ ಉಳಿದದ್ದು ಈ ಗೆರೆ ತರಹ’ ಎಂದು ಅವನೇ ಹೇಳಿದ.

ಸಹಶಿಕ್ಷಣಾರ್ಥಿಗಳಿಗೆ

ಈ ಪಾಠದಿಂದ ನಾನು ತಲುಪಿದ ನಿಲುವು ಇದು. ಮಾದರಿಯು ನಿಜಕ್ಕಿಂತ ಬೇರೆಯಾಗುವ ಜಾಗವನ್ನು ಮಕ್ಕಳಿಂದ ಮುಚ್ಚಿಡಬಾರದು, ಅದನ್ನೇ ಪ್ರಶ್ನೆಯಾಗಿಸಬೇಕು. ಆದರೆ ಆ ಪ್ರಶ್ನೆಗೆ ಉತ್ತರ ಪರದೆಯಲ್ಲಿ ಸಿಗುವುದಿಲ್ಲ. ಪರದೆಯ ಮುಂಚೆ ಒಂದು ನೈಜ ಪ್ರಯೋಗ, ಪರದೆಯ ನಂತರ ಇನ್ನೊಂದು ನೈಜ ಪ್ರಯೋಗ ಇರಲಿ. ಎರಡನೆಯದಕ್ಕೆ ಅವಧಿಯಲ್ಲಿ ಸಮಯ ಸಾಲದಿದ್ದರೆ, ಕುರ್ಚಿ ಸರಿಸುವ ದೃಶ್ಯವನ್ನು ಮರುದಿನದ ಪಾಠಯೋಜನೆಗೆ ಸೇರಿಸಿಕೊಳ್ಳುವುದು ಒಳ್ಳೆಯದು. ಶಾಲೆಯಲ್ಲಿ ಪ್ರೊಜೆಕ್ಟರ್ ಇಲ್ಲದಿದ್ದರೆ ಬೇಕ್ ಆದ ಮೂರು ಕೋಣೆಗಳ ಚಿತ್ರಗಳನ್ನು ಮುದ್ರಿಸಿ ಗುಂಪುಗಳಿಗೆ ಹಂಚಿದರೂ ಅನ್ವೇಷಣೆಯ ಹಂತ ನಡೆಯುತ್ತದೆ. ಅಂಗಳ, ಕುರ್ಚಿ, ಸೀಮೆಸುಣ್ಣ ಎಲ್ಲ ಶಾಲೆಯಲ್ಲೂ ಇವೆ.